ಮುನ್ನೂರು ಲೈಕು, ಒಂದು ಖಾಲಿ ಗೂಡು

ಬಿ.ಕಾಂ. ಮುಗಿದು ಒಂದು ವರ್ಷವಾಗಿತ್ತು. ಬ್ಯಾಂಕ್ ಪರೀಕ್ಷೆಗೆ ಓದುತ್ತಲೇ, ವಾರಾಂತ್ಯದಲ್ಲಿ ನಮ್ಮೂರಿನ ಸ್ಟುಡಿಯೊ ಅಣ್ಣನ ಜೊತೆ ಮದುವೆಗಳಿಗೆ ಲೈಟ್ ಹಿಡಿಯಲು ಹೋಗುತ್ತಿದ್ದೆ. ಕೂಡಿಟ್ಟ ದುಡ್ಡಿಗೆ ಅಮ್ಮ ಚೀಟಿ ಹಣದಲ್ಲಿ ಒಂದಿಷ್ಟು ಸೇರಿಸಿದಳು. 22 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮನೆಗೆ ಬಂತು. ಅವತ್ತೇ ಇನ್‌ಸ್ಟಾಗ್ರಾಂನಲ್ಲಿ ಖಾತೆ ತೆರೆದೆ. ದಿನಕ್ಕೊಂದು ಫೋಟೊ ಹಾಕಲೇಬೇಕೆಂಬ ಹಟ.

ಸೂರ್ಯಾಸ್ತ, ಕೆರೆ ಏರಿ, ಅಜ್ಜಿಯ ಕೈ. ಹನ್ನೆರಡೋ ಹದಿನೈದೋ ಲೈಕು ಬೀಳುತ್ತಿದ್ದವು. ಅದರಲ್ಲಿ ಅರ್ಧ ಅತ್ತೆ ಮಕ್ಕಳದು! ಕೆಲಸವಂತೂ ಸಿಕ್ಕಿಲ್ಲ, ಇದರಲ್ಲಾದರೂ ನಾಲ್ಕು ಜನ ಮೆಚ್ಚಲಿ ಎಂಬ ಆಸೆ ನನ್ನದು.

ಫೆಬ್ರುವರಿಯ ಒಂದು ಬೆಳಿಗ್ಗೆ ಹಿತ್ತಲಿನ ದಾಸವಾಳದ ಗಿಡದಲ್ಲಿ ಪಿಕಳಾರದ ಗೂಡು ಕಂಡಿತು. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕೆಂಪು ಮಚ್ಚೆ ಇರುವ ಹಕ್ಕಿ. ಬಟ್ಟಲಿನಂಥ ಗೂಡಿನಲ್ಲಿ ಇನ್ನೂ ಕಣ್ಣು ಬಿಡದ ಮೂರು ಮರಿಗಳು. ಎಲೆಗಳ ಗೊಂಚಲೊಂದು ಅಡ್ಡ ಬರುತ್ತಿತ್ತು. ಕತ್ತರಿ ತಂದು ಆ ರೆಂಬೆಯನ್ನು ಕತ್ತರಿಸಿಬಿಟ್ಟೆ. ಚೆನ್ನಾಗಿ ಬೆಳಕು ಬಿತ್ತು. ಅರ್ಧ ಗಂಟೆ ಅಲ್ಲೇ ನಿಂತು ಕ್ಲಿಕ್ಕಿಸಿದೆ. ತಾಯಿ ಹಕ್ಕಿ ಕರೆಂಟ್ ತಂತಿಯ ಮೇಲೆ ಕೂತು ಒಂದೇ ಸಮನೆ ಕೂಗುತ್ತಿತ್ತು.

ರಾತ್ರಿಯೊಳಗೆ ಮುನ್ನೂರು ಲೈಕು. ‘ಸೂಪರ್ ಗುರು’, ‘ಮುಂದಿನ ಫೋಟೊ ಯಾವಾಗ?’ ಎಂಬ ಕಮೆಂಟುಗಳನ್ನು ಓದುತ್ತಾ ಎರಡು ಗಂಟೆಯವರೆಗೆ ನಿದ್ದೆ ಮಾಡಲಿಲ್ಲ.

ಎರಡು ದಿನ ಬಿಟ್ಟು ನೋಡಿದರೆ ಗೂಡು ಖಾಲಿ. ಕಾಗೆಯೋ, ಕೆಂಬೂತವೋ, ಬೆಕ್ಕೋ. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳು ಹಿಡಿದು ಸಂಜೆಯವರೆಗೂ ಗಿಡದ ಸುತ್ತ ಹಾರಾಡಿತು. ನಾನು ಯಾರಿಗೂ ಹೇಳಲಿಲ್ಲ. ಫೋಟೊಗೆ ಲೈಕು ಬೀಳುತ್ತಲೇ ಇತ್ತು.

ಅದೇ ಫೋಟೊವನ್ನು ಸ್ಪರ್ಧೆಯೊಂದಕ್ಕೆ ಕಳಿಸೋಣವೆಂದು ಪ್ರಿಂಟ್ ಹಾಕಿಸಲು ಸ್ಟುಡಿಯೊಗೆ ಹೋದೆ. ಅಣ್ಣ ಕಂಪ್ಯೂಟರಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದರು.

‘ಪಿಕಳಾರ ಇಷ್ಟು ಬಯಲಲ್ಲಿ ಗೂಡು ಕಟ್ಟಲ್ವಲ್ಲೋ. ಇಲ್ಲಿ ಕತ್ತರಿಸಿರೋ ಗುರುತಿದೆ. ನೀನಾ?’

ತಲೆಯಾಡಿಸಿದೆ.

‘ಮರಿ ಹಾರಿದ್ವಾ?’

‘ಇಲ್ಲಣ್ಣ’ ಎಂದೆ. ಗಂಟಲು ಕಟ್ಟಿತು.

ಅವರು ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ ಹೇಳಿದರು. ಆ ಎಲೆಗಳು ಮರಿಗಳಿಗೆ ಬಿಸಿಲಿನಿಂದ ನೆರಳು, ಕಾಗೆಯ ಕಣ್ಣಿನಿಂದ ಮರೆ. ಮನುಷ್ಯ ಹತ್ತಿರ ನಿಂತಷ್ಟು ಹೊತ್ತೂ ತಾಯಿ ಗುಟುಕು ಕೊಡಲು ಬರುವುದಿಲ್ಲ. ಅದಕ್ಕೇ ಹಲವು ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳಿಗೆ ಪ್ರವೇಶವೇ ಇಲ್ಲ. ಅಪರೂಪದ ಹಕ್ಕಿಯ ಫೋಟೊ ಹಾಕುವಾಗ ಜಾಗದ ಹೆಸರನ್ನೂ ಬರೆಯಬಾರದು. ಮೊಬೈಲಿನಲ್ಲಿ ಲೊಕೇಷನ್ ಆನ್ ಇದ್ದರೆ ಫೋಟೊ ಫೈಲಿನೊಳಗೇ ಜಾಗದ ವಿವರ ಸೇರಿರುತ್ತದೆ.

ಮಾರ್ಚ್‌ನಲ್ಲಿ ಅಣ್ಣ ನನ್ನನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಜನ ತಮ್ಮ ಪಾಡಿಗೆ ತಾವು ಓಡಾಡುತ್ತಿರುತ್ತಾರೆ. ನಾವು ಬೀದಿಯಲ್ಲೇ ನಿಂತು ದೂರದಿಂದ ಫೋಟೊ ತೆಗೆದೆವು. ನನ್ನ ಫ್ರೇಮಿನಲ್ಲಿ ಹಕ್ಕಿ ಚಿಕ್ಕದಾಗಿತ್ತು. ಹೆಂಚಿನ ಮಾಡು, ಸೈಕಲ್ ಹುಡುಗ ಎಲ್ಲ ಬಂದಿದ್ದವು. ‘ಹಾಳಾಯ್ತು’ ಎಂದೆ. ‘ಈ ಊರಿನ ಕಥೇನೇ ಅದಲ್ವೇನೋ’ ಎಂದರು ಅಣ್ಣ.

ಅವತ್ತು ರಾತ್ರಿ ಮರಿಗಳ ಫೋಟೊ ಅಳಿಸಿದೆ. ಅದರ ಬದಲು ಖಾಲಿ ಗೂಡಿನ ಫೋಟೊ ಹಾಕಿ, ನಾನು ಮಾಡಿದ್ದನ್ನು ಇದ್ದದ್ದು ಇದ್ದಂತೆ ಬರೆದೆ. ಹಾಕುವ ಮುಂಚೆ ಕೈ ನಡುಗಿತು. ಒಂದಿಬ್ಬರು ಚೆನ್ನಾಗಿ ಬೈದರು. ಕೆಲವರು ಅನ್‌ಫಾಲೋ ಮಾಡಿದರು. ಲೈಕು ಐವತ್ತೂ ದಾಟಲಿಲ್ಲ. ಆದರೆ ಪರಿಚಯವೇ ಇಲ್ಲದ ಹುಡುಗಿಯೊಬ್ಬಳು ‘ನಮ್ಮ ಹಾಸ್ಟೆಲ್ ಕಿಟಕಿ ಹತ್ತಿರವೂ ಒಂದು ಗೂಡಿದೆ. ಪರದೆ ಎಳೆದು ಸುಮ್ಮನಿದ್ದೇನೆ’ ಎಂದು ಬರೆದಳು. ಮುನ್ನೂರು ಲೈಕಿಗಿಂತ ಆ ಒಂದು ಸಾಲು ನನಗೆ ದೊಡ್ಡದೆನಿಸಿತು.

ಈಗಲೂ ಫೋಟೊ ಹಾಕುತ್ತೇನೆ, ದಿನಕ್ಕೊಂದಲ್ಲ. ಬ್ಯಾಂಕ್ ಪರೀಕ್ಷೆಯ ಪ್ರಿಲಿಮ್ಸ್ ಪಾಸಾಗಿದೆ, ಮೇನ್ಸ್ ಬಾಕಿ ಇದೆ. ಕತ್ತರಿಸಿದ ಜಾಗದಲ್ಲಿ ದಾಸವಾಳ ಮತ್ತೆ ಚಿಗುರಿದೆ. ಮೊನ್ನೆ ಒಂದು ಜೋಡಿ ಪಿಕಳಾರ ನಾರು ಕಚ್ಚಿಕೊಂಡು ಅದರೊಳಗೆ ಹೋದವು. ಅಮ್ಮ ‘ಕ್ಯಾಮೆರಾ ತರಲ್ವೇನೋ?’ ಎಂದಳು. ‘ಬೇಡಮ್ಮ’ ಎಂದು ಬಾಗಿಲು ಮುಂದೆ ಮಾಡಿ ಓದಲು ಕೂತೆ.