ಕರುವಿಗೆ ಪ್ರೋಬಯಾಟಿಕ್ ಪುಡಿ: ಮೊದಲು ಗಿಣ್ಣುಹಾಲು, ಆಮೇಲೆ ಉಳಿದದ್ದು

ಊರಲ್ಲಿ ಹಸು ಸಾಕಿರುವ ಮನೆಗಳಿಂದ ಬಂದ ನಮ್ಮ ಕೆಲವು ಕೇಳುಗರು ಒಂದೇ ಪ್ರಶ್ನೆ ಕಳಿಸಿದ್ದಾರೆ: ಎಳೆಗರುಗಳಿಗೆ ಪ್ರೋಬಯಾಟಿಕ್ ಪುಡಿ ಕೊಟ್ಟರೆ ಭೇದಿ ಬರೋದು ತಪ್ಪುತ್ತಾ? ಇವತ್ತು ಅದನ್ನೇ ನೋಡೋಣ.

ಇದರ ಹಿಂದಿರುವ ವಿಚಾರ ಗಟ್ಟಿಯಾಗಿದ್ದು ಕೋಳಿಮರಿಗಳಿಂದ. 1970ರ ದಶಕದ ಆರಂಭದಲ್ಲಿ ಫಿನ್ಲೆಂಡಿನ ಕೋಳಿ ಫಾರಂಗಳಲ್ಲಿ ಸಾಲ್ಮೊನೆಲ್ಲಾ ಸೋಂಕು ಹರಡಿತ್ತು. ಎಸ್ಕೊ ನುರ್ಮಿ ಮತ್ತು ಅವರ ಸಹೋದ್ಯೋಗಿ ರಾಂಟಲಾ, ಆರೋಗ್ಯವಾಗಿದ್ದ ದೊಡ್ಡ ಕೋಳಿಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಆಗಷ್ಟೇ ಹುಟ್ಟಿದ ಮರಿಗಳಿಗೆ ಕೊಟ್ಟರು. ಆ ಮರಿಗಳಲ್ಲಿ ಸಾಲ್ಮೊನೆಲ್ಲಾ ಸುಲಭವಾಗಿ ಬೇರೂರಲಿಲ್ಲ. 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹ್ಯಾಚರಿಯಲ್ಲಿ ಹುಟ್ಟಿದ ಮರಿಗೆ ತಾಯಿಯ ಸಂಗವಿಲ್ಲ, ಅದರ ಕರುಳು ಖಾಲಿ ಸೈಟಿನ ಹಾಗೆ. ಒಳ್ಳೆಯವರು ಮೊದಲೇ ಬಂದು ಮನೆ ಕಟ್ಟಿಕೊಂಡರೆ ಕೆಟ್ಟವರಿಗೆ ಜಾಗ ಸಿಗಲ್ಲ, ಅಷ್ಟೇ.

ಈ ಸೂಕ್ಷ್ಮಜೀವಿಗಳು ಜಾಗಕ್ಕೆ, ಆಹಾರಕ್ಕೆ ಪೈಪೋಟಿ ಕೊಡುತ್ತವೆ. ಲ್ಯಾಕ್ಟೋಬ್ಯಾಸಿಲಸ್‌ನಂಥವು ಆಮ್ಲ ತಯಾರಿಸಿ ರೋಗಾಣುಗಳಿಗೆ ಕಾಟ ಕೊಡುತ್ತವೆ. ಕರುಳಿನ ಗೋಡೆಯಲ್ಲಿರುವ ರೋಗನಿರೋಧಕ ಕೋಶಗಳೂ ಇವುಗಳ ಒಡನಾಟದಲ್ಲೇ ಯಾರು ನೆಂಟ, ಯಾರು ಕಳ್ಳ ಅಂತ ಕಲಿಯುತ್ತವೆ. 2006ರಲ್ಲಿ ಯುರೋಪಿಯನ್ ಒಕ್ಕೂಟವು ಬೆಳವಣಿಗೆಗಾಗಿ ಮೇವಿನಲ್ಲಿ ಆಂಟಿಬಯಾಟಿಕ್ ಬೆರೆಸುವುದನ್ನು ಪೂರ್ತಿ ನಿಷೇಧಿಸಿದ ಮೇಲಂತೂ ಇಂಥ ಪುಡಿಗಳ ಮೇಲೆ ಆಸಕ್ತಿ ಇನ್ನೂ ಹೆಚ್ಚಿತು.

ಹಾಗಾದರೆ ಕರುವಿಗೆ ಕೊಡಬಹುದಾ? ಕೊಡಬಹುದು. ಆದರೆ ಫಲಿತಾಂಶ ಎಲ್ಲ ಕಡೆ ಒಂದೇ ಥರ ಇಲ್ಲ. ರೋಗದ ಒತ್ತಡದಲ್ಲಿರುವ ಕರುಗಳಲ್ಲಿ ಭೇದಿ ಕಡಿಮೆಯಾದದ್ದನ್ನು ಹಲವು ಪ್ರಯೋಗಗಳು ತೋರಿಸಿವೆ. ಕೊಟ್ಟಿಗೆ ಚೊಕ್ಕಟವಾಗಿದ್ದು ಕರು ಗಟ್ಟಿಮುಟ್ಟಾಗಿದ್ದರೆ ಎಷ್ಟೋ ಸಲ ವ್ಯತ್ಯಾಸವೇ ಕಾಣಲ್ಲ. ಯಾವ ತಳಿಯ ಸೂಕ್ಷ್ಮಜೀವಿ, ಅದು ಜೀವಂತ ಇದೆಯಾ ಅನ್ನೋದೂ ಮುಖ್ಯ. ಕುದಿಯುವ ಹಾಲಿಗೆ ಪುಡಿ ಹಾಕಿದರೆ ಲ್ಯಾಕ್ಟೋಬ್ಯಾಸಿಲಸ್ ಸತ್ತೇಹೋಗುತ್ತೆ.

ಇನ್ನೊಂದು ಮಾತು. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ಮಗುವನ್ನು ಸೇರುತ್ತವೆ. ಹಸುವಿನ ಮಾಸು ಅವುಗಳನ್ನು ದಾಟಲು ಬಿಡುವುದಿಲ್ಲ. ಕರು ಹುಟ್ಟುವಾಗ ಹೆಚ್ಚುಕಡಿಮೆ ಬರಿಗೈ. ಅದಕ್ಕೆ ಸಿಗುವ ರಕ್ಷಣೆಯೆಲ್ಲ ಗಿಣ್ಣುಹಾಲಿನಿಂದಲೇ. ಆ ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವ ಕರುಳಿನ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತಾ, ಸುಮಾರು 24 ಗಂಟೆಗೆ ಪೂರ್ತಿ ಮುಚ್ಚಿಬಿಡುತ್ತೆ. ಆಮೇಲೆ ಯಾವ ಪುಡಿಯೂ ಅದನ್ನು ತೆರೆಯಲಾರದು.

ಗಿಣ್ಣು ಅಂದರೆ ನಮಗೆಲ್ಲ ಬಾಯಲ್ಲಿ ನೀರೂರುತ್ತೆ, ನಿಜ. ಆದರೆ ಮೊದಲ ಪಾಲು ಕರುವಿನದು: ದೇಹತೂಕದ ಸುಮಾರು ಹತ್ತನೇ ಒಂದು ಭಾಗ, ಅಂದರೆ 30 ಕೆಜಿ ಕರುವಿಗೆ ಮೊದಲ ದಿನ 3 ಲೀಟರ್. ಅದರಲ್ಲೂ ಆದಷ್ಟನ್ನು ಮೊದಲ ಕೆಲವೇ ಗಂಟೆಗಳಲ್ಲಿ ಕುಡಿಸಬೇಕು. ಪುಡಿ ಅದಾದ ಮೇಲಿನ ಮಾತು. ಭೇದಿ ಶುರುವಾಗಿಬಿಟ್ಟಿದ್ದರೆ ಪುಡಿ ನೆಚ್ಚಿಕೊಂಡು ಕೂರಬೇಡಿ. ನೀರು, ಲವಣದ ದ್ರಾವಣ ಕುಡಿಸುತ್ತಾ ಪಶುವೈದ್ಯರನ್ನು ಕರೆಸಿ ಅಂತ ಮುಂದಿನ ಸಲ ಫೋನ್ ಮಾಡಿದಾಗ ಮನೆಯವರಿಗೆ ಹೇಳಿ.