ಶೂಟಿಂಗಾ, ಡಿಫೆನ್ಸಾ, ಬೆಂಚಾ? ಕಾಲೇಜು ಬ್ಯಾಸ್ಕೆಟ್‌ಬಾಲ್ ಜಗಳಕ್ಕೆ ವರ್ಜೀನಿಯಾ ತಂಡ ಕೊಟ್ಟ ಉತ್ತರ

ಮಾರ್ಚ್ ತಿಂಗಳು ಬಂತು ಅಂದ್ರೆ ಅಮೆರಿಕದ ಕಾಲೇಜು ಊರುಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಎಲ್ಲಿ ನೋಡಿದರೂ ಬ್ಯಾಸ್ಕೆಟ್‌ಬಾಲ್. ತಮ್ಮ ಕಾಲೇಜು ತಂಡ ಸೋತ ಮರುದಿನ ಅಭಿಮಾನಿಗಳು ಮೂರು ಪಂಗಡ ಆಗ್ತಾರೆ. ಒಂದು ಪಂಗಡ ‘ಶೂಟಿಂಗ್ ಕೈಕೊಟ್ಟಿತು’ ಅನ್ನುತ್ತದೆ. ಇನ್ನೊಂದು ‘ಡಿಫೆನ್ಸ್ ಎಲ್ಲಿತ್ತು ಸ್ವಾಮಿ?’ ಅಂತ ಕೇಳುತ್ತದೆ. ಮೂರನೆಯದು ‘ಬೆಂಚಿನಲ್ಲಿ ಆಳೇ ಇಲ್ಲ, ಐದು ಜನ ಎಷ್ಟು ಹೊತ್ತು ಓಡಬೇಕು?’ ಅಂತ ವಾದಿಸುತ್ತದೆ.

ಮೂರರಲ್ಲೂ ಸತ್ಯ ಇದೆ. ಆದರೆ ಮೂರೂ ಒಂದೇ ತೂಕದ ಮಾತುಗಳಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ವರ್ಜೀನಿಯಾ ಯೂನಿವರ್ಸಿಟಿಯ ಪುರುಷರ ತಂಡಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ತಂಡ 2018ರಲ್ಲಿ ಇತಿಹಾಸದಲ್ಲೇ ಯಾರೂ ಸೋಲದ ರೀತಿಯಲ್ಲಿ ಸೋತಿತು. ಸರಿಯಾಗಿ ಒಂದು ವರ್ಷದ ನಂತರ ಅದೇ ಕೋಚ್, ಹೆಚ್ಚುಕಡಿಮೆ ಅದೇ ಹುಡುಗರು ದೇಶದ ಚಾಂಪಿಯನ್ ಆದರು.

ಮೊದಲು ಟೂರ್ನಿ ಹೇಗೆ ಅಂತ ನೋಡೋಣ

ಎನ್‌ಸಿಎಎ ಟೂರ್ನಿಯಲ್ಲಿ 2018ರಲ್ಲಿ 68 ತಂಡ ಇದ್ದವು. ಪೂರಾ ನಾಕೌಟ್, ಒಂದು ಸಲ ಸೋತರೆ ಮನೆಗೆ. ನಾಲ್ಕು ವಿಭಾಗ, ಪ್ರತಿ ವಿಭಾಗದಲ್ಲೂ 1ರಿಂದ 16ರವರೆಗೆ ಶ್ರೇಯಾಂಕ. ಮೊದಲ ಸುತ್ತಿನಲ್ಲಿ 1ನೇ ಶ್ರೇಯಾಂಕದವರಿಗೆ 16ನೇ ಶ್ರೇಯಾಂಕದವರು ಎದುರಾಳಿ. 1985ರಿಂದ 2017ರವರೆಗೆ ಪುರುಷರ ಟೂರ್ನಿಯಲ್ಲಿ ಹೀಗೆ ನಡೆದ ಪಂದ್ಯಗಳಲ್ಲಿ 1ನೇ ಶ್ರೇಯಾಂಕದವರು ಒಮ್ಮೆಯೂ ಸೋತಿರಲಿಲ್ಲ.

2018ರ ಮಾರ್ಚ್ 16ರಂದು ಶಾರ್ಲೆಟ್‌ನಲ್ಲಿ ಆ ದಾಖಲೆ ಮುರಿಯಿತು. ಆಗ 135-0 ಇದ್ದ ಲೆಕ್ಕ 135-1 ಆಯಿತು. 31 ಗೆದ್ದು 2 ಮಾತ್ರ ಸೋತು ಬಂದಿದ್ದ ವರ್ಜೀನಿಯಾ ಇಡೀ ಟೂರ್ನಿಯಲ್ಲೇ ಮೊದಲ ಶ್ರೇಯಾಂಕದ ತಂಡ. ಎದುರಿಗೆ ಮೇರಿಲ್ಯಾಂಡ್ ಬಾಲ್ಟಿಮೋರ್ ಕೌಂಟಿ, ಅಂದರೆ ಯುಎಂಬಿಸಿ. ಭಾರತದಿಂದ ಎಂಎಸ್ ಓದಲು ಸಾಕಷ್ಟು ವಿದ್ಯಾರ್ಥಿಗಳು ಹೋಗುವ ಯೂನಿವರ್ಸಿಟಿ ಅದು. ಕ್ರೀಡೆಗಿಂತ ಚೆಸ್ ತಂಡಕ್ಕೇ ಹೆಚ್ಚು ಹೆಸರು. ಅರ್ಧ ಸಮಯಕ್ಕೆ 21-21. ಮುಗಿದಾಗ 74-54. ಗೆದ್ದದ್ದು ಯುಎಂಬಿಸಿ, ಅದೂ 20 ಪಾಯಿಂಟ್ ಅಂತರದಲ್ಲಿ.

ಶೂಟಿಂಗ್ ಪಂಗಡದ ವಾದ

ಆ ರಾತ್ರಿ ವರ್ಜೀನಿಯಾ ಮೂರು ಪಾಯಿಂಟ್‌ನ 22 ಶಾಟ್ ಹೊಡೆದು 4 ಮಾತ್ರ ಹಾಕಿತು. ಯುಎಂಬಿಸಿ 24 ಹೊಡೆದು 12 ಹಾಕಿತು.

ಈಗ ಒಂದು ಸಣ್ಣ ಲೆಕ್ಕ. ಸಾಮಾನ್ಯ ಒಳ್ಳೆಯ ಕಾಲೇಜು ತಂಡ ಮೂರರ ಶಾಟ್‌ಗಳಲ್ಲಿ ಶೇ. 36ರಷ್ಟು ಹಾಕುತ್ತದೆ ಅಂತ ಇಟ್ಟುಕೊಳ್ಳಿ. ವರ್ಜೀನಿಯಾ 22ರಲ್ಲಿ 8 ಹಾಕಬೇಕಿತ್ತು. 4 ಕಡಿಮೆ, ಅಂದರೆ 12 ಪಾಯಿಂಟ್ ನಷ್ಟ. ಯುಎಂಬಿಸಿ 24ರಲ್ಲಿ 9 ಹಾಕಬೇಕಿತ್ತು. 3 ಹೆಚ್ಚು, ಅಂದರೆ 9 ಪಾಯಿಂಟ್ ಲಾಭ. ಎರಡೂ ಸೇರಿ 21. ಸೋತದ್ದು 20ರಿಂದ. ಲೆಕ್ಕ ಒರಟು, ಆದರೆ ಶೂಟಿಂಗ್ ಪಂಗಡದವರು ಸುಮ್ಮನೆ ಕೂಗುತ್ತಿಲ್ಲ ಅನ್ನೋದು ಗೊತ್ತಾಗುತ್ತೆ.

ಆದರೆ ಇಲ್ಲೊಂದು ಸಿಕ್ಕು ಇದೆ. ಆಟದ ಎಲ್ಲ ಅಂಶಗಳಲ್ಲಿ ಒಂದೇ ಪಂದ್ಯಕ್ಕೆ ಅತಿ ಹೆಚ್ಚು ಏರಿಳಿಯುವುದು ಮೂರರ ಶಾಟ್. ಇವತ್ತು 22ಕ್ಕೆ 4 ಹಾಕಿದವರೇ ನಾಳಿದ್ದು 22ಕ್ಕೆ 11 ಹಾಕಬಹುದು. ಹುಡುಗರ ಕೈ ಅದೇ, ತರಬೇತಿಯೂ ಅದೇ. ಹಾಗಾಗಿ ಒಂದು ಪಂದ್ಯದ ಶೂಟಿಂಗ್ ನೋಡಿ ‘ಈ ತಂಡಕ್ಕೆ ಶೂಟಿಂಗೇ ಬರಲ್ಲ’ ಅನ್ನುವುದು ಒಂದು ಓವರ್ ನೋಡಿ ಬೌಲರ್‌ನ ಜಾತಕ ಬರೆದ ಹಾಗೆ.

ವರ್ಜೀನಿಯಾಕ್ಕೆ ಇನ್ನೊಂದು ಅಪಾಯವೂ ಇತ್ತು. ಅದು ದೇಶದಲ್ಲೇ ಅತಿ ನಿಧಾನವಾಗಿ ಆಡುವ ತಂಡಗಳಲ್ಲಿ ಒಂದು. ಬೇರೆ ತಂಡಗಳಿಗೆ ಒಂದು ಪಂದ್ಯದಲ್ಲಿ ಸುಮಾರು 70 ಸಲ ಚೆಂಡು ಕೈಗೆ ಬಂದರೆ ವರ್ಜೀನಿಯಾ ಪಂದ್ಯದಲ್ಲಿ ಸುಮಾರು 60 ಸಲ. ಅವಕಾಶ ಕಡಿಮೆ ಆದಷ್ಟೂ ಅದೃಷ್ಟದ ಪಾಲು ಜಾಸ್ತಿ. ಟೆಸ್ಟ್‌ನಲ್ಲಿ ಬಲಿಷ್ಠ ತಂಡವನ್ನು ಸೋಲಿಸುವುದು ಕಷ್ಟ, ಟಿ20ಯಲ್ಲಿ ಯಾರು ಯಾರನ್ನು ಬೇಕಾದರೂ ಸೋಲಿಸಬಹುದು, ಅಲ್ವಾ? ಹಾಗೇ ಇದು. ಬಲಿಷ್ಠ ತಂಡ ನಿಧಾನವಾಗಿ ಆಡಿದರೆ ತನಗೆ ಅನುಕೂಲವಾದ ಟೆಸ್ಟ್ ಪಂದ್ಯವನ್ನು ತಾನೇ ಟಿ20 ಮಾಡಿಕೊಂಡಂತೆ.

ಡಿಫೆನ್ಸ್ ಪಂಗಡದ ವಾದ

ಆ ಋತುವಿನಲ್ಲಿ ವರ್ಜೀನಿಯಾ ಪಂದ್ಯಕ್ಕೆ ಸರಾಸರಿ ಸುಮಾರು 54 ಪಾಯಿಂಟ್ ಮಾತ್ರ ಬಿಟ್ಟುಕೊಟ್ಟ ತಂಡ. ಅಂಥದ್ದು ಯುಎಂಬಿಸಿ ಎದುರು ದ್ವಿತೀಯಾರ್ಧ ಒಂದರಲ್ಲೇ 53 ಬಿಟ್ಟುಕೊಟ್ಟಿತು. ಜೈರಸ್ ಲೈಲ್ಸ್ ಎಂಬ ಒಬ್ಬನೇ ಆಟಗಾರ ಆ ದಿನ 28 ಪಾಯಿಂಟ್ ಗಳಿಸಿದ. ಹಾಗಾದರೆ ಡಿಫೆನ್ಸ್ ಬರೀ ಹೆಸರಿಗಾ?

ಕೋಚ್ ಟೋನಿ ಬೆನೆಟ್ ಆಡಿಸುತ್ತಿದ್ದ ಪದ್ಧತಿಗೆ ‘ಪ್ಯಾಕ್ ಲೈನ್’ ಅಂತ ಹೆಸರು. ಅದನ್ನು ರೂಪಿಸಿದ್ದು ಅವರ ತಂದೆ, ಕೋಚ್ ಡಿಕ್ ಬೆನೆಟ್. ಬುಟ್ಟಿಯಿಂದ ಸುಮಾರು 16 ಅಡಿ ದೂರದಲ್ಲಿ ಒಂದು ಕಾಲ್ಪನಿಕ ಗೆರೆ. ಚೆಂಡು ಹಿಡಿದವನ ಮೈಮೇಲೆ ಒಬ್ಬ ಇರುತ್ತಾನೆ. ಉಳಿದ ನಾಲ್ವರು ಆ ಗೆರೆಯ ಒಳಗೆ ಒತ್ತಾಗಿ ನಿಲ್ಲುತ್ತಾರೆ. ಒಳಗೆ ನುಗ್ಗಲು ಜಾಗವೇ ಇರುವುದಿಲ್ಲ. ಎದುರಾಳಿ ಹೊರಗಿನಿಂದಲೇ ಹೊಡೆಯಬೇಕು, ಅದೂ ಓಡಿಬಂದ ಕೈ ಮುಖದ ಮುಂದೆ ಇರುವಾಗ. ಹೊರಗಿನ ಶಾಟ್ ಹೆಚ್ಚಾಗಿ ತಪ್ಪುತ್ತದೆ ಎಂಬುದೇ ಈ ಪದ್ಧತಿಯ ಧೈರ್ಯ. ಆದರೆ ಎದುರಾಳಿಯ ಕೈ ಬಿಸಿಯಾದ ದಿನ ಇದಕ್ಕೆ ಉಳಿಗಾಲ ಕಷ್ಟ.

ಇಲ್ಲಿ ಅಭಿಮಾನಿಗಳು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ‘ಪಂದ್ಯಕ್ಕೆ ಎಷ್ಟು ಪಾಯಿಂಟ್ ಬಿಟ್ಟರು’ ಅನ್ನೋದು ಡಿಫೆನ್ಸ್‌ನ ಸರಿಯಾದ ಅಳತೆ ಅಲ್ಲ. ನಿಧಾನವಾಗಿ ಆಡಿದರೆ ಆ ಸಂಖ್ಯೆ ತಾನಾಗಿ ಇಳಿಯುತ್ತದೆ. ಎದುರಾಳಿಯ ಪ್ರತಿ 100 ಅವಕಾಶಕ್ಕೆ ಎಷ್ಟು ಪಾಯಿಂಟ್ ಅಂತ ನೋಡಬೇಕು. ಆ ಲೆಕ್ಕದಲ್ಲೂ ವರ್ಜೀನಿಯಾ ದೇಶದ ಮೊದಲ ಸಾಲಿನಲ್ಲೇ ಇತ್ತು. ಅಂದರೆ ಡಿಫೆನ್ಸ್ ನಿಜವಾಗಿಯೂ ಚೆನ್ನಾಗಿತ್ತು, ಆ ಒಂದು ರಾತ್ರಿ ಒಡೆಯಿತು. ಯಾಕೆ ಒಡೆಯಿತು ಅನ್ನುವುದಕ್ಕೆ ಮೂರನೇ ಪಂಗಡದ ಮಾತು ಕೇಳಬೇಕು.

ಬೆಂಚ್ ಪಂಗಡದ ವಾದ

ಕಾಲೇಜು ಪಂದ್ಯ 40 ನಿಮಿಷ. ಐದು ಜನ ಅಂದರೆ ಒಟ್ಟು 200 ನಿಮಿಷ ಹಂಚಬೇಕು. ಮೊದಲ ಐವರು ತಲಾ 34 ನಿಮಿಷ ಆಡಿದರೆ ಬೆಂಚಿಗೆ ಉಳಿಯುವುದು 30 ನಿಮಿಷ ಮಾತ್ರ. ಟಿವಿ ಜಾಹೀರಾತಿಗಾಗಿ ಪ್ರತಿ ಅರ್ಧದಲ್ಲೂ ನಾಲ್ಕು ಕಡ್ಡಾಯ ವಿರಾಮ ಇರುವುದರಿಂದ ಮುಖ್ಯ ಆಟಗಾರರಿಗೆ ಉಸಿರು ತೆಗೆದುಕೊಳ್ಳಲು ಸಮಯವೂ ಸಿಗುತ್ತದೆ. ಹಾಗಾಗಿ 9ನೇ, 10ನೇ ಆಟಗಾರ ಎಷ್ಟು ಚೆನ್ನಾಗಿದ್ದಾನೆ ಅನ್ನುವುದಕ್ಕಿಂತ 6ನೆಯವನು, 7ನೆಯವನು ಯಾರು ಅನ್ನೋದು ಮುಖ್ಯ.

2018ರಲ್ಲಿ ವರ್ಜೀನಿಯಾದ 6ನೆಯವನು ಡಿಆಂಡ್ರೆ ಹಂಟರ್. ಅವರ ಲೀಗ್ ಎಸಿಸಿಯಲ್ಲಿ ಆ ವರ್ಷದ ಅತ್ಯುತ್ತಮ ಬೆಂಚ್ ಆಟಗಾರ ಪ್ರಶಸ್ತಿ ಪಡೆದವನು. ಎತ್ತರದವನನ್ನೂ ತಡೆಯಬಲ್ಲ, ಚುರುಕು ಕಾಲಿನವನನ್ನೂ ತಡೆಯಬಲ್ಲ. ಟೂರ್ನಿ ಶುರುವಾಗಲು ಕೆಲವೇ ದಿನ ಇರುವಾಗ ಅವನ ಮಣಿಕಟ್ಟು ಮುರಿದಿತ್ತು. ಯುಎಂಬಿಸಿ ನಾಲ್ವರು ಗಾರ್ಡ್‌ಗಳನ್ನು ಹರಡಿ ನಿಲ್ಲಿಸಿ ಓಡಿಸಿದಾಗ ಅವರ ಜೊತೆ ಓಡಿ ತಡೆಯುವ ಆಳು ಬೇಕಿತ್ತು. ಆ ಆಳು ಬ್ಯಾಂಡೇಜ್ ಕಟ್ಟಿಕೊಂಡು ಕೂತಿದ್ದ.

ಹಾಗಂತ ಬೆಂಚ್ ತುಂಬ ಪ್ರತಿಭೆ ತುಂಬಿಸಿದರೆ ಗೆಲುವು ಖಚಿತವಾ? ಅದೂ ಇಲ್ಲ. 2014-15ರ ಕೆಂಟಕಿ ತಂಡ ನೋಡಿ. ಋತುವಿನ ಆರಂಭದಲ್ಲಿ ಕೋಚ್ ಜಾನ್ ಕ್ಯಾಲಿಪರಿ ಐದೈದು ಜನರ ಎರಡು ತಂಡ ಮಾಡಿ ಸರದಿಯಲ್ಲಿ ಇಳಿಸುತ್ತಿದ್ದರು. ಈಗ ಎನ್‌ಬಿಎಯಲ್ಲಿ ದೊಡ್ಡ ಹೆಸರಾದ ಡೆವಿನ್ ಬುಕರ್ ಆಗ ಬೆಂಚ್‌ನಿಂದ ಬರುತ್ತಿದ್ದ ಅಂದ್ರೆ ಲೆಕ್ಕ ಹಾಕಿ. 38 ಪಂದ್ಯ ಸತತವಾಗಿ ಗೆದ್ದ ಆ ತಂಡ ಸೆಮಿಫೈನಲ್‌ನಲ್ಲಿ ವಿಸ್ಕಾನ್ಸಿನ್‌ಗೆ 71-64ರಿಂದ ಸೋತಿತು. ಕೊನೆಯ ನಿಮಿಷಗಳಲ್ಲಿ ಶಾಟ್ ಹೊಡೆಯುವ ಮೊದಲೇ ಶಾಟ್ ಕ್ಲಾಕ್ ಮುಗಿದುಹೋಗುವುದು ಮತ್ತೆ ಮತ್ತೆ ಆಯಿತು. ಆ ಹೊತ್ತಿನಲ್ಲಿ ಬೆಂಚ್‌ನಲ್ಲಿ ಎಷ್ಟು ಜನ ಇದ್ದರೂ ಅಂಕಣದಲ್ಲಿ ಇರುವವರು ಐದೇ ಜನ.

ಅಂದರೆ ಬೆಂಚ್ ವಿಮೆ ಇದ್ದ ಹಾಗೆ. ದಿನನಿತ್ಯ ಅದರ ಬೆಲೆ ಕಾಣುವುದಿಲ್ಲ. ಯಾರೋ ಗಾಯಗೊಂಡಾಗ, ಯಾರಿಗೋ 5 ಫೌಲ್ ಆಗಿ ಹೊರಗೆ ಹೋದಾಗ ಮಾತ್ರ ಗೊತ್ತಾಗುತ್ತೆ.

ಒಂದು ವರ್ಷದಲ್ಲಿ ಏನು ಬದಲಾಯಿತು?

ಸೋಲಿನ ನಂತರ ಬೆನೆಟ್ ಅವರ ಪದ್ಧತಿಯೇ ಹಳೆಯದಾಯಿತು ಅಂದವರು ಬಹಳ ಜನ. ಅವರು ಡಿಫೆನ್ಸ್ ಬಿಡಲಿಲ್ಲ, ವೇಗವನ್ನೂ ಹೆಚ್ಚಿಸಲಿಲ್ಲ. ಬದಲಿಸಿದ್ದು ಆಕ್ರಮಣದ ರೀತಿ. ಶೂಟರ್‌ಗಳಿಗೆ ಒಳ್ಳೆಯ ಜಾಗದಲ್ಲಿ ಶಾಟ್ ಸಿಗುವಂತೆ ಬಾಲ್ ಸ್ಕ್ರೀನ್ ಬಳಕೆ ಹೆಚ್ಚಾಯಿತು. ಕಿಹೇ ಕ್ಲಾರ್ಕ್ ಎಂಬ ಗಿಡ್ಡ ಹೊಸ ಹುಡುಗ ಬಂದ, ಅಲಬಾಮಾದಿಂದ ಬ್ರ್ಯಾಕ್ಸ್‌ಟನ್ ಕೀ ಬಂದ. ಹಂಟರ್ ಗುಣಮುಖನಾಗಿ ಮೊದಲ ಐವರಲ್ಲಿ ಒಬ್ಬನಾದ.

2019ರಲ್ಲಿ ಗೆದ್ದರು ನಿಜ, ಆದರೆ ಸಲೀಸಾಗಿ ಅಲ್ಲ. ಮೊದಲ ಸುತ್ತಿನಲ್ಲೇ 16ನೇ ಶ್ರೇಯಾಂಕದ ಗಾರ್ಡ್ನರ್-ವೆಬ್ ಎದುರು 14 ಪಾಯಿಂಟ್ ಹಿಂದೆ ಬಿದ್ದು ಆಮೇಲೆ ಚೇತರಿಸಿಕೊಂಡರು. ಪರ್ಡ್ಯೂ ಪಂದ್ಯದಲ್ಲಿ ಕಾರ್ಸನ್ ಎಡ್ವರ್ಡ್ಸ್ ಇದೇ ಪ್ರಸಿದ್ಧ ಡಿಫೆನ್ಸ್ ಎದುರು ಮೂರರ 10 ಶಾಟ್ ಹಾಕಿ 42 ಪಾಯಿಂಟ್ ಗಳಿಸಿದ. ಮಮಾಡಿ ಡಿಯಾಕಿಟೆ ಕೊನೆಯ ಕ್ಷಣದಲ್ಲಿ ಶಾಟ್ ಹಾಕಿದ್ದರಿಂದ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು, 80-75ರಿಂದ ವರ್ಜೀನಿಯಾ ಗೆದ್ದಿತು. ಸೆಮಿಫೈನಲ್‌ನಲ್ಲಿ ಆಬರ್ನ್ ಎದುರು 2 ಪಾಯಿಂಟ್ ಹಿಂದೆ ಇರುವಾಗ, 0.6 ಸೆಕೆಂಡ್ ಉಳಿದಿರುವಾಗ ಕೈಲ್ ಗೈಗೆ ಮೂರು ಫ್ರೀ ಥ್ರೋ ಸಿಕ್ಕಿತು. ಮೂರನ್ನೂ ಹಾಕಿದ, 63-62. ಅದಕ್ಕೂ ಮೊದಲು ವರ್ಜೀನಿಯಾದವರ ಡಬಲ್ ಡ್ರಿಬಲ್ ಒಂದನ್ನು ಅಂಪೈರ್ ನೋಡಲಿಲ್ಲ ಅಂತ ಆಬರ್ನ್ ಅಭಿಮಾನಿಗಳಿಗೆ ಸಿಟ್ಟು.

ಏಪ್ರಿಲ್ 8ರಂದು ಮಿನಿಯಾಪೊಲಿಸ್‌ನಲ್ಲಿ ಫೈನಲ್. ನಮ್ಮಲ್ಲಿ ಆಗ 9ನೇ ತಾರೀಕು ಬೆಳಗ್ಗೆ. ಕೊನೆಗಳಿಗೆಯಲ್ಲಿ ಮೂರರ ಶಾಟ್ ಹಾಕಿ ಸಮ ಮಾಡಿದ್ದು ಹಂಟರ್, ಹಿಂದಿನ ವರ್ಷ ಬೆಂಚ್‌ನಿಂದ ಬರುತ್ತಿದ್ದ ಅದೇ ಹುಡುಗ. ಅವನದು 27 ಪಾಯಿಂಟ್. ಬೆಂಚ್‌ನಿಂದ ಬಂದ ಕೀ 10 ರಿಬೌಂಡ್ ಹಿಡಿದ. ಹೆಚ್ಚುವರಿ ಸಮಯದಲ್ಲಿ 12 ಫ್ರೀ ಥ್ರೋಗಳಲ್ಲಿ 12ನ್ನೂ ಹಾಕಿ ಟೆಕ್ಸಸ್ ಟೆಕ್ ತಂಡವನ್ನು 85-77ರಿಂದ ಸೋಲಿಸಿದರು.

ಈಗ ಯೋಚಿಸಿ. ಡಿಯಾಕಿಟೆ ಶಾಟ್ ತಪ್ಪಿದ್ದರೆ? ಗೈ ಒಂದು ಫ್ರೀ ಥ್ರೋ ತಪ್ಪಿಸಿಕೊಂಡಿದ್ದರೆ? ‘ಡಿಫೆನ್ಸ್ ನಂಬಿದ ತಂಡ ಗೆಲ್ಲಲ್ಲ ಅಂತ ಆಗ್ಲೇ ಹೇಳಿದ್ವಿ’ ಅನ್ನುತ್ತಿದ್ದರು. ತಂಡದ ಗುಣಮಟ್ಟ ಅಷ್ಟೇ ಇರುತ್ತಿತ್ತು, ತೀರ್ಪು ಮಾತ್ರ ಉಲ್ಟಾ ಆಗುತ್ತಿತ್ತು.

ಮಾತಿಗೆ ಬೆಲೆ ಇದೆ

ಈ ಜಗಳ ತಮಾಷೆಯಾಗೇ ಉಳಿಯುವುದಿಲ್ಲ ಅನ್ನೋದಕ್ಕೆ ಕೈಲ್ ಗೈ ಸಾಕ್ಷಿ. 2018ರ ಸೋಲಿನ ನಂತರ ತಂಡಕ್ಕೆ ಬೆದರಿಕೆಗಳು ಬಂದವು. ತನಗೆ ಆತಂಕದ ಸಮಸ್ಯೆ ಇದೆ, ಚಿಕಿತ್ಸೆ ಪಡೆಯುತ್ತಿದ್ದೇನೆ ಅಂತ ಅವನು ಬಹಿರಂಗವಾಗಿ ಬರೆದುಕೊಂಡ. ಆಗ ಅವನು ಇಪ್ಪತ್ತರ ಹುಡುಗ. ಕಾಲೇಜು ತಂಡ ಅಂದರೆ ಇಂಥ 18ರಿಂದ 22 ವರ್ಷದ ಮಕ್ಕಳೇ.

ಬೆನೆಟ್ 2024ರ ಅಕ್ಟೋಬರ್‌ನಲ್ಲಿ ನಿವೃತ್ತರಾದರು. 2025ರಲ್ಲಿ ವರ್ಜೀನಿಯಾ ಕೋಚ್ ಆಗಿ ಕರೆತಂದದ್ದು ಯಾರನ್ನು ಗೊತ್ತಾ? ರಯನ್ ಓಡಮ್. 2018ರಲ್ಲಿ ಯುಎಂಬಿಸಿ ಕೋಚ್ ಆಗಿ ಅದೇ ವರ್ಜೀನಿಯಾವನ್ನು ಸೋಲಿಸಿದವರು!

ನಮಗೇಕೆ ಇದೆಲ್ಲ ಅಂತೀರಾ? ಆ ಕಾಲೇಜು ಲೋಕಕ್ಕೆ ನಮ್ಮವರೂ ಹೋಗಿದ್ದಾರೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಯ ಮಹಿಳಾ ತಂಡದಲ್ಲಿ ಆಡಿದವರು. ಇನ್ನು ನಮ್ಮ ಅಂತರ ಕಾಲೇಜು ಟೂರ್ನಿಗಳಲ್ಲಿ ಎರಡು ಮೂರು ದಿನದಲ್ಲೇ ಎಲ್ಲ ಪಂದ್ಯ ಮುಗಿಸುವುದು ವಾಡಿಕೆ. ಹಾಗಾಗಿ ಬೆಂಚ್ ಎಂಬ ವಿಮೆ ಅಮೆರಿಕಕ್ಕಿಂತ ಇಲ್ಲೇ ಹೆಚ್ಚು ಬೇಕು.

ಮುಂದಿನ ಸಲ ನಿಮ್ಮ ಕಾಲೇಜು ತಂಡ ಸೋತಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ತಪ್ಪಿದ ಶಾಟ್‌ಗಳು ಒಳ್ಳೆಯ ಜಾಗದಿಂದ ಹೊಡೆದವಾ, ಗಾಬರಿಯಲ್ಲಿ ಎಸೆದವಾ? ಎದುರಾಳಿಗೆ ಸುಲಭ ಶಾಟ್ ಎಷ್ಟು ಸಿಕ್ಕಿತು? ಮುಖ್ಯ ಆಟಗಾರ ಹೊರಗೆ ಕೂತ ಐದಾರು ನಿಮಿಷದಲ್ಲಿ ಸ್ಕೋರ್ ಏನಾಯಿತು? ಒಳ್ಳೆಯ ಜಾಗದಿಂದ ಹೊಡೆದೂ ತಪ್ಪಿದ್ದರೆ ಆ ಹುಡುಗನಿಗೆ ಬೈಯಬೇಡಿ. ನಾಳೆ ಅದೇ ಶಾಟ್ ಮತ್ತೆ ಹೊಡಿ ಅನ್ನಿ.