700 ರೂಪಾಯಿಯ ಭಾನುವಾರ

ವೀಕೆಂಡ್ ಬಂದ್ರೆ ಬೆಂಗಳೂರಿನ ಐಟಿ ದಂಪತಿಗಳಿಗೆ ಎರಡೇ ದಾರಿ. ಒಂದೋ ಕೊಡಗು, ಚಿಕ್ಕಮಗಳೂರು ಕಡೆ ಕಾರು ಓಡಿಸೋದು, ಇಲ್ಲಾಂದ್ರೆ ಮಾಲ್‌ಗೆ ಹೋಗೋದು. ನಾವೂ ಹಾಗೇ ಇದ್ದೆವು, ಕಳೆದ ವರ್ಷ ನನ್ನ ಹೆಂಡತಿಯ ಕೆಲಸ ಹೋಗುವವರೆಗೆ. ಹದಿನೈದು ನಿಮಿಷದ ವಿಡಿಯೋ ಕಾಲ್, ಆಮೇಲೆ ಒಂದು ಇಮೇಲ್, ಅಷ್ಟೇ. ಮನೆ ಸಾಲದ ಇಎಂಐ ಮಾತ್ರ ಪ್ರತಿ ತಿಂಗಳೂ ತಪ್ಪದೆ ಬರುತ್ತಿತ್ತು.

ಮನೆಯಲ್ಲಿ ಕೂತರೆ ಅದೇ ಮಾತು. ಸ್ವಲ್ಪ ದಿನಕ್ಕೆ ಆ ಮಾತೂ ನಿಂತಿತು. ಆಗ ಅವಳೇ ಒಂದು ನಿಯಮ ಮಾಡಿದಳು: ಪ್ರತಿ ಭಾನುವಾರ ಊರೊಳಗೇ ಸುತ್ತೋಣ. ಒಂದು ತಿಂಡಿ, ಒಂದು ಪಾರ್ಕ್ ಅಥವಾ ಮ್ಯೂಸಿಯಂ. ಇಬ್ಬರಿಗೂ ಸೇರಿ 700 ರೂಪಾಯಿ, ಕ್ಯಾಬ್ ಇಲ್ಲ.

ಮೊದಲು ಹೋಗಿದ್ದು ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ. 1943ರಿಂದ ನಡೆಯುತ್ತಿರುವ ಹೋಟೆಲ್. ಬೇಗ ಹೋಗಿ, ಇಲ್ಲದಿದ್ದರೆ ಕ್ಯೂನಲ್ಲೇ ಹಸಿವು ಸತ್ತುಹೋಗುತ್ತೆ. ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಗೋಪುರದಂತೆ ಜೋಡಿಸಿಕೊಂಡು ಬರುವ ಸಪ್ಲೈಯರ್‌ನನ್ನು ನೋಡಿ ಅವಳು ತುಂಬಾ ದಿನದ ಮೇಲೆ ನಕ್ಕಳು. ಅಲ್ಲಿಂದ ಲಾಲ್‌ಬಾಗ್‌ಗೆ ನಡೆದೇ ಹೋದೆವು. ಹೈದರಾಲಿ ಶುರು ಮಾಡಿದ 240 ಎಕರೆಯ ತೋಟ ಅದು. ಎಲ್ಲರೂ ಗಾಜಿನ ಮನೆ ನೋಡಿ ವಾಪಸ್ ಬರ್ತಾರೆ. ನೀವು ಕೆಂಪೇಗೌಡ ಗೋಪುರ ಇರುವ ಬಂಡೆ ಹತ್ತಿ ಕೂರಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ! ಅದರ ಮೇಲೆ ಕೂತು ಇಎಂಐ ಲೆಕ್ಕ ಹಾಕಿದೆವು. ಲೆಕ್ಕ ಬದಲಾಗಲಿಲ್ಲ, ಆದರೆ ಇಬ್ಬರೂ ಒಟ್ಟಿಗೆ ಕೂತು ಹಾಕಿದ್ದು ಅದೇ ಮೊದಲು.

ಇನ್ನೊಂದು ವಾರ ಕಸ್ತೂರ್ಬಾ ರಸ್ತೆ. 1962ರಲ್ಲಿ ಶುರುವಾದ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸಹೋದರರ 1903ರ ವಿಮಾನದ ಪೂರ್ಣ ಅಳತೆಯ ಮಾದರಿ ಇದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಗೇರ್‌ಗಳು ಕಣ್ಣೆದುರು ತಿರುಗುವುದನ್ನು ನೋಡಿದಾಗ, ಕಾಲೇಜಿನಲ್ಲಿ ಯಾಕೆ ಹೀಗೆ ತೋರಿಸಲಿಲ್ಲ ಅನಿಸಿತು.

ಆದರೆ ಮನಸ್ಸಿನಲ್ಲಿ ಉಳಿದಿದ್ದು ಅದರ ಪಕ್ಕದ ಸರ್ಕಾರಿ ವಸ್ತುಸಂಗ್ರಹಾಲಯದ ಒಂದು ಕಲ್ಲು, 10ನೇ ಶತಮಾನದ ಆತಕೂರು ಶಾಸನ. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೆರನಿಗೆ ರಾಜ ಮೆಚ್ಚಿ, ಏನು ಬೇಕು ಕೇಳು ಅಂದನಂತೆ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಸತ್ತಾಗ ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಇದು. ನಾಯಿ, ಹಂದಿ ಎರಡನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆ.

ಅವಳು ತುಂಬಾ ಹೊತ್ತು ನೋಡಿ, "ನಾಯಿಗೂ ಒಂದು ಕಲ್ಲು ಹಾಕ್ಸಿದ್ದಾರೆ ಕಣೋ. ಆರು ವರ್ಷ ದುಡಿದ ನನಗೆ ಒಂದು ಇಮೇಲ್" ಅಂದಳು. ಹೊರಗೆ ಬಂದು ಕಬ್ಬನ್ ಪಾರ್ಕಿನ ಬಿದಿರು ಮೆಳೆಯ ಹತ್ತಿರ ಕೂತು ಚೆನ್ನಾಗಿ ಅತ್ತಳು. ಅವತ್ತು ಭಾನುವಾರ, ಪಾರ್ಕಿನೊಳಗೆ ವಾಹನ ಬಿಡಲ್ಲ. ಮಕ್ಕಳು ಸೈಕಲ್ ಹೊಡೀತಿದ್ದರು. ನಾನು ಸಮಾಧಾನದ ಮಾತೇನೂ ಆಡದೆ ಪಕ್ಕದಲ್ಲಿ ಕೂತಿದ್ದೆ. ಆಮೇಲೆ ಅವಳೇ ಎದ್ದು, "ಕಾಫಿ ಕುಡಿಯೋಣ, ಇನ್ನೂ 180 ರೂಪಾಯಿ ಉಳಿದಿದೆ" ಅಂದಳು.

ಈಗ ಅವಳಿಗೆ ಬೇರೆ ಕೆಲಸ ಸಿಕ್ಕಿದೆ, ಸಂಬಳ ಸ್ವಲ್ಪ ಕಡಿಮೆ. ಭಾನುವಾರದ ಬಜೆಟ್ ಮಾತ್ರ ಏರಿಸಿಲ್ಲ. ಮುಂದಿನ ವಾರ ಎಂಟಿಆರ್‌ನಲ್ಲಿ ರವೆ ಇಡ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಅಲ್ಲಿ ಹುಟ್ಟಿದ ತಿಂಡಿ ಅದು. ಇಲ್ಲದ್ದರಲ್ಲೇ ಹೊಸದು ಮಾಡಿಕೊಂಡಿದ್ದು ನಾವೊಬ್ಬರೇ ಅಲ್ಲ ಬಿಡಿ.

ನೀವೂ ಹೊರಡೋದಾದರೆ ಎರಡು ಮಾತು: ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜೆ. ಮ್ಯೂಸಿಯಂ ತೆರೆದಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಜೊತೆಗಿರುವವರ ಮಾತು ಕೇಳೋಕೆ ಟಿಕೆಟ್ ಬೇಕಿಲ್ಲ, ಫೋನು ಜೇಬಿನಲ್ಲಿದ್ದರೆ ಸಾಕು.